ಒಂದೇ ಸೂರು, ಎರಡು ಒಲೆ

ಕೆನಡಾದ ಮಾಂಟ್ರಿಯಲ್ ನಗರವನ್ನು ಸಾಂ ಲೊರಾಂ ಬೀದಿ ಸೀಳಿಕೊಂಡು ಹೋಗುತ್ತದೆ. ಅದರ ಪೂರ್ವಕ್ಕೆ ಫ್ರೆಂಚರು, ಪಶ್ಚಿಮಕ್ಕೆ ಇಂಗ್ಲಿಷರು ಎಂಬುದು ಆ ಊರಿನ ಹಳೆಯ ಲೆಕ್ಕ. ಈ ಗಡಿಬೀದಿಯ ಮೇಲೆಯೇ ಮೊನ್ಯುಮಾಂ ನಾಸ್ಯೊನಾಲ್ ಎಂಬ ರಂಗಮಂದಿರವಿದೆ. 1893ರಲ್ಲಿ ಫ್ರೆಂಚ್ ಕೆನಡಿಯನ್ನರು ತಮ್ಮ ಭಾಷೆ, ಸಂಸ್ಕೃತಿಗಳ ಹೆಮ್ಮೆಗೆಂದು ಕಟ್ಟಿಸಿದ ಕಟ್ಟಡ ಅದು. ನಾಲ್ಕೇ ವರ್ಷಗಳಲ್ಲಿ, ಪೂರ್ವ ಯುರೋಪಿನಿಂದ ಬಂದಿಳಿದ ಯಹೂದಿಗಳು ಅಲ್ಲಿ ಯಿದ್ದಿಷ್ ಭಾಷೆಯಲ್ಲಿ ನಾಟಕವಾಡಿದರು. ಚೀನೀ ಸಂಗೀತ ನಾಟಕಗಳೂ ಅದೇ ರಂಗದ ಮೇಲೆ ನಡೆದವು. ಇವತ್ತು ಈ ಮಂದಿರ ಕೆನಡಾದ ರಾಷ್ಟ್ರೀಯ ನಾಟಕ ಶಾಲೆಯದು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ವೃತ್ತಿ ರಂಗಭೂಮಿಗೆ ಜನರನ್ನು ತಯಾರು ಮಾಡುವ ಆ ಶಾಲೆ ಮುಂದೆ ಯಾವ ದಾರಿ ಹಿಡಿಯಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ಅದರ ಪಠ್ಯಕ್ರಮಕ್ಕಿಂತ ಮೊದಲು ಈ ಕಟ್ಟಡ ನೆನಪಾಗುತ್ತದೆ.

ಶಾಲೆ ಶುರುವಾದದ್ದು 1960ರ ನವೆಂಬರಿನಲ್ಲಿ. ದೆಹಲಿಯಲ್ಲಿ ನಮ್ಮ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಿದ ಮರುವರ್ಷ. ಹಲವು ನುಡಿಗಳ ದೇಶಕ್ಕೆ ಒಂದು ನಾಟಕ ಶಾಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿತ್ತು, ಉತ್ತರ ಮಾತ್ರ ಬೇರೆ. ದೆಹಲಿಯಲ್ಲಿ ರಂಗದ ಮಾತು ಬಹುಮಟ್ಟಿಗೆ ಹಿಂದಿಯಾಯಿತು. ಕನ್ನಡದಿಂದಲೋ ಮಣಿಪುರಿಯಿಂದಲೋ ಬಂದವರು ತಮ್ಮ ನಾಲಗೆಯನ್ನು ಅದಕ್ಕೆ ಒಗ್ಗಿಸಿಕೊಂಡರು. ಮಾಂಟ್ರಿಯಲ್‌ನವರು ಹಾಗೆ ಮಾಡಲಿಲ್ಲ. ಫ್ರೆಂಚ್ ವಿಭಾಗ ಬೇರೆ, ಇಂಗ್ಲಿಷ್ ವಿಭಾಗ ಬೇರೆ. ನಟರು, ನಾಟಕಕಾರರು ತಮ್ಮ ತಮ್ಮ ಭಾಷೆಯಲ್ಲೇ ಕಲಿಯಬೇಕು. ಸೂರು ಒಂದೇ, ಒಲೆ ಎರಡು. ಶಾಲೆ ತನ್ನನ್ನು ದ್ವಿಭಾಷಿಕ ಅನ್ನುವುದಕ್ಕಿಂತ ಸಹಭಾಷಿಕ ಎಂದು ಕರೆದುಕೊಳ್ಳಲು ಇಷ್ಟಪಡುವುದು ಇದೇ ಕಾರಣಕ್ಕೆ.

ಈ ಏರ್ಪಾಟಿನ ಹಿಂದೆ ಇದ್ದವರು ಮಿಶೆಲ್ ಸಾಂ ದನಿ. ಫ್ರೆಂಚ್ ರಂಗಭೂಮಿಗೆ ಹೊಸ ಜೀವ ಕೊಟ್ಟ ಜಾಕ್ ಕೊಪೊ ಅವರ ಸೋದರಳಿಯ. 1935ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದ ಈ ಫ್ರೆಂಚ್ ಮನುಷ್ಯ, ಯುದ್ಧದ ವರ್ಷಗಳಲ್ಲಿ ಬಿಬಿಸಿಯ ಮೈಕಿನ ಮುಂದೆ ಜಾಕ್ ದುಶೇನ್ ಎಂಬ ಹೆಸರಿಟ್ಟುಕೊಂಡು, ಜರ್ಮನ್ನರ ಹಿಡಿತದಲ್ಲಿದ್ದ ತನ್ನ ನಾಡಿನವರ ಜೊತೆ ಮಾತಾಡಿದವರು. ಆಮೇಲೆ ಓಲ್ಡ್ ವಿಕ್ ಶಾಲೆ, ಸ್ಟ್ರಾಸ್‌ಬರ್ಗ್, ಕೊನೆಗೆ ನ್ಯೂಯಾರ್ಕಿನ ಜೂಲಿಯಾರ್ಡ್. ಬದುಕಿಡೀ ಎರಡು ಭಾಷೆಗಳ ನಡುವೆ ಓಡಾಡಿದ ಈ ಮನುಷ್ಯನ ಸಲಹೆಯ ಮೇಲೆ ನಿಂತ ಶಾಲೆಯಲ್ಲೇ ನಟರನ್ನು ಭಾಷೆಗೊಂದರಂತೆ ಬೇರೆ ಕೂರಿಸಿದ್ದು ಮೊದಲ ನೋಟಕ್ಕೆ ವಿಚಿತ್ರ ಅನ್ನಿಸುತ್ತದೆ. ನನಗೆ ಅದು ಸರಿಯಾದ ತೀರ್ಮಾನವಾಗಿಯೇ ಕಾಣುತ್ತದೆ.

ಕಾರಣ ಉಸಿರಿನಲ್ಲಿದೆ. ಫ್ರೆಂಚ್ ನಾಟಕಕಾರ ರಾಸೀನನ ಸಾಲಿಗೆ ಹನ್ನೆರಡು ಅಕ್ಷರ, ನಡುವೆ ಆರಕ್ಕೆ ಒಂದು ನಿಲುಗಡೆ. ಒತ್ತು ಪದಗುಚ್ಛದ ಕೊನೆಯಲ್ಲಿ ಬೀಳುತ್ತದೆ. ಷೇಕ್ಸ್‌ಪಿಯರನ ಸಾಲಿನಲ್ಲಿ ಒತ್ತು ಪದಪದದ ಒಳಗೇ ಏರಿಳಿಯುತ್ತದೆ. ಒಂದನ್ನು ಹೇಳಲು ನಟ ಕೊನೆಯವರೆಗೂ ಉಸಿರು ಕಾಪಾಡಿಕೊಂಡು ಹೋಗಬೇಕು, ಇನ್ನೊಂದಕ್ಕೆ ಹೆಜ್ಜೆಹೆಜ್ಜೆಗೂ ತಳ್ಳು ಬೇಕು. ರಗಳೆಯನ್ನೂ ಷಟ್ಪದಿಯನ್ನೂ ಗಟ್ಟಿಯಾಗಿ ಓದಿದ ಯಾರಿಗಾದರೂ ಇದು ಗೊತ್ತು: ಛಂದಸ್ಸು ಬದಲಾದರೆ ಎದೆಯ ಚಲನೆ ಬದಲಾಗುತ್ತದೆ, ಎದೆ ಬದಲಾದರೆ ಮೈಯ ನಿಲುವೂ ಬದಲಾಗುತ್ತದೆ. ಫ್ರೆಂಚ್ ಕಡೆ ಜಾನ್ ಗಾಸ್ಕೊನ್, ಇಂಗ್ಲಿಷ್ ಕಡೆ ಪವಿಸ್ ಥಾಮಸ್ ಅವರಂಥ ನುರಿತ ನಟರೇ ಆರಂಭದ ದಿನಗಳಲ್ಲಿ ಪಾಠಕ್ಕೆ ನಿಂತದ್ದರಿಂದ, ಭಾಷೆಯೆಂದರೆ ದೇಹದ ಅಭ್ಯಾಸ ಎಂಬ ತಿಳಿವಳಿಕೆ ಶಾಲೆಯ ಬುನಾದಿಗೇ ಸೇರಿತು.

ಆದರೆ ಯಾವ ಫ್ರೆಂಚ್ ಎಂಬ ಪ್ರಶ್ನೆಯನ್ನು ಬುನಾದಿ ಹಾಕಿದವರು ಸಾಕಷ್ಟು ಕೇಳಿಕೊಂಡಿರಲಿಲ್ಲ. 1968ರ ಆಗಸ್ಟಿನಲ್ಲಿ ಮಿಶೆಲ್ ತ್ರಾಂಬ್ಲೆಯ ‘ಲೆ ಬೆಲ್ ಸರ್’ ಮಾಂಟ್ರಿಯಲ್‌ನಲ್ಲಿ ರಂಗಕ್ಕೆ ಬಂತು. ಪೂರ್ವ ಭಾಗದ ಕೆಲಸಗಾರರ ಕೇರಿಯ ಹೆಂಗಸರು ತಮ್ಮ ಅಡುಗೆಮನೆಯ ‘ಜುವಾಲ್’ ನುಡಿಯಲ್ಲೇ ಬೈದಾಡುವ, ಅಳುವ ನಾಟಕ ಅದು. ಪ್ಯಾರಿಸಿನ ಶುದ್ಧ ಉಚ್ಚಾರಕ್ಕೆ ಒಗ್ಗಿದ್ದವರ ಕಿವಿಗೆ ಸೀಸ ಹೊಯ್ದಂತಾಯಿತು. ಅದೇ ಹೊತ್ತಿಗೆ ಶಾಲೆಯ ಫ್ರೆಂಚ್ ವಿಭಾಗದ ಒಂದಷ್ಟು ವಿದ್ಯಾರ್ಥಿಗಳು ನಮ್ಮ ನಾಡಿನ ನಾಟಕ ಎಲ್ಲಿ ಎಂದು ಪ್ರತಿಭಟಿಸಿ, ಕಲಿಕೆಯನ್ನು ಅರ್ಧಕ್ಕೇ ಬಿಟ್ಟು ಹೊರನಡೆದರು. ಅಂಥವರೇ ಸೇರಿ 1969ರಲ್ಲಿ ‘ಗ್ರಾಂ ಸಿರ್ಕ್ ಒರ್ದಿನೇರ್’ ತಂಡ ಕಟ್ಟಿ, ಬರೆದಿಟ್ಟ ನಾಟಕದ ಹಂಗಿಲ್ಲದೆ ಎಲ್ಲರೂ ಕೂಡಿ ಕಟ್ಟುವ ರಂಗಕೃತಿಗಳನ್ನು ಊರೂರಿಗೆ ಒಯ್ದರು. ಶಾಲೆ ಇದರಿಂದ ಪಾಠ ಕಲಿಯಿತು ಎಂಬುದನ್ನು ಮೆಚ್ಚಬೇಕು. ‘ಲೆ ಬೆಲ್ ಸರ್’ ನಿರ್ದೇಶಿಸಿದ ಆಂದ್ರೆ ಬ್ರಾಸಾರ್ ಅವರನ್ನೇ 1991ರಲ್ಲಿ ಕರೆತಂದು ಫ್ರೆಂಚ್ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿತು. ಲೆಬನಾನಿನಿಂದ ಯುದ್ಧ ತಪ್ಪಿಸಿಕೊಂಡು ಬಂದ ಕುಟುಂಬದ ಹುಡುಗ ವಾಜ್ದಿ ಮುವಾವಾದ್ ಶಾಲೆಯಿಂದ ಪದವಿ ಪಡೆದದ್ದೂ ಅದೇ ವರ್ಷ. ಮುಂದೆ ಅವರು ಬರೆದ ‘ಆಂಸಾಂದಿ’ ನಾಟಕದ ಫ್ರೆಂಚಿನೊಳಗೆ ಅರಬ್ಬೀ ಮೌನವೊಂದು ಹುದುಗಿದೆ.

ಇಷ್ಟು ಗೌರವದಿಂದ ಹೇಳಿದ ಮೇಲೂ ನನ್ನದೊಂದು ತಕರಾರು ಉಳಿಯುತ್ತದೆ. ಶಾಲೆಯಲ್ಲಿ ಎರಡು ಭಾಷೆಗಳು ದಿನನಿತ್ಯ ಕೈಕೈ ತಾಗಿಸಿ ಕೆಲಸ ಮಾಡುವುದು ಮುಖ್ಯವಾಗಿ ಪರದೆಯ ಹಿಂದೆ. ರಂಗಸಜ್ಜಿಕೆ, ವೇಷಭೂಷಣ, ಬೆಳಕು, ರಂಗನಿರ್ವಹಣೆ ಕಲಿಯುವವರು ಎರಡೂ ವಿಭಾಗಗಳ ನಾಟಕಗಳಿಗೆ ದುಡಿಯುತ್ತಾರೆ. ಬೆಳಕು ಯಾವ ಮಾತಿನ ಮೇಲೆ ಆರಬೇಕು ಎಂದು ಕಾದು ಕೂತ ರಂಗನಿರ್ವಾಹಕಿಗೆ ಎರಡೂ ಭಾಷೆಗಳ ಲಯ ಕಿವಿಯಲ್ಲಿರಬೇಕಾಗುತ್ತದೆ. ಆ ಕಿವಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಆ ನಟರಿಗೆ, ನಾಟಕಕಾರರಿಗೆ ಅದು ತರಬೇತಿಯಾಗಿ ದಕ್ಕುವುದು ಕಡಿಮೆ. ಎರಡು ಭಾಷೆಗಳು ರಂಗದ ಮೇಲೆ ಮುಖಾಮುಖಿಯಾದ ನಾಟಕಗಳನ್ನು ನೆನೆದರೆ ಮನಸ್ಸಿಗೆ ಬರುವುದು ಶಾಲೆಯ ಹೊರಗೆ ಹುಟ್ಟಿದವು: 1979ರಲ್ಲಿ ಸೆಂಟಾರ್ ರಂಗಮಂದಿರ ಆಡಿದ ಡೇವಿಡ್ ಫೆನಾರಿಯೊ ಅವರ ‘ಬಾಲ್ಕನ್‌ವಿಲ್’, 1989ರಲ್ಲಿ ಸಾಸ್ಕಟೂನ್‌ನಲ್ಲಿ ರಾಬರ್ಟ್ ಲೆಪಾಜ್ ಮತ್ತು ಗಾರ್ಡನ್ ಮೆಕ್‌ಕಾಲ್ ಕೂಡಿ ಮಾಡಿಸಿದ ‘ರೋಮಿಯೊ ಮತ್ತು ಜೂಲಿಯೆಟ್’. ಎರಡನೆಯದರಲ್ಲಿ ಒಂದು ಮನೆತನ ಫ್ರೆಂಚಾಡುತ್ತದೆ, ಇನ್ನೊಂದು ಇಂಗ್ಲಿಷಾಡುತ್ತದೆ.

ಹಾಗಾದರೆ ಗೋಡೆ ಒಡೆದು ಒಂದೇ ತರಗತಿ ಮಾಡಿಬಿಡೋಣ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಹತ್ತು ಕನ್ನಡಿಗರ ನಡುವೆ ಕನ್ನಡ ಬಾರದ ಒಬ್ಬರು ಬಂದು ಕೂತರೆ ಬೆಂಗಳೂರಿನ ಕಚೇರಿಯ ಸಭೆ ಯಾವ ಭಾಷೆಗೆ ಹೊರಳುತ್ತದೆ ಎಂದು ಕಂಡವರಿಗೆ ವಿವರಿಸಬೇಕಿಲ್ಲ. ಇಡೀ ಉತ್ತರ ಅಮೆರಿಕದ ಇಂಗ್ಲಿಷ್ ಕಡಲಿನಲ್ಲಿ ಕ್ವಿಬೆಕ್ ಒಂದು ನಡುಗಡ್ಡೆ. ಬೆರೆತ ತರಗತಿಯಲ್ಲಿ ಎರಡೇ ವಾರಕ್ಕೆ ತಾಲೀಮಿನ ಭಾಷೆ ಇಂಗ್ಲಿಷ್ ಆಗುತ್ತದೆ, ಫ್ರೆಂಚ್ ಸಂಭಾಷಣೆಗೆ ಮಾತ್ರ ಉಳಿಯುತ್ತದೆ. ಎರಡು ಒಲೆ ಇರಲಿ.

ಬದಲಾಗಬೇಕಾದದ್ದು ಇನ್ನೊಂದಿದೆ. ಅನುವಾದವನ್ನು ನಾಟಕ ಮುಗಿದ ಮೇಲಿನ ಕೆಲಸವೆಂದು ಬಿಡದೆ ಧ್ವನಿ, ಚಲನೆ, ಮುಖವಾಡಗಳ ಹಾಗೆ ತರಬೇತಿಯ ಮೂಲಪಾಠ ಮಾಡಬೇಕು. ‘ಆಂಸಾಂದಿ’ಯನ್ನು ಇಂಗ್ಲಿಷಿಗೆ ‘ಸ್ಕಾರ್ಚ್ಡ್’ ಎಂದು ತಂದ ಲಿಂಡಾ ಗಾಬೊರಿಯೊ ಅವರಂಥವರು ಎರಡು ರಂಗಭೂಮಿಗಳನ್ನು ದಶಕಗಳಿಂದ ಹೆಣೆಯುತ್ತಾ ಬಂದಿದ್ದಾರೆ. ನಮ್ಮಲ್ಲೂ ಹಾಗೆಯೇ. ಕಾರ್ನಾಡರ ‘ತುಘಲಕ್’ ದೆಹಲಿಯ ಶಾಲೆಯ ರಂಗಕ್ಕೆ ಏರಿದ್ದು ಅಲ್ಲಿಯೇ ಕಲಿತ ಬಿ.ವಿ. ಕಾರಂತರ ಅನುವಾದದ ಹೆಗಲ ಮೇಲೆ. ಕಾರಂತರು ಪದಗಳ ಜೊತೆ ಲಯವನ್ನೂ ದಾಟಿಸಬಲ್ಲವರಾಗಿದ್ದರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಿವಿ ಅದು. ಇಂಥ ಕಿವಿಯನ್ನು ಅದೃಷ್ಟಕ್ಕೆ ಬಿಡದೆ ಬೆಳೆಸುವುದಕ್ಕೆ ಮಾಂಟ್ರಿಯಲ್ ಶಾಲೆಗಿರುವಷ್ಟು ಅನುಕೂಲ ಬೇರೆ ಹೆಚ್ಚು ಕಡೆ ಇರಲಾರದು.

ಎರಡು ಎಂಬ ಎಣಿಕೆಯೇ ಸಾಲದು ಎಂಬುದೂ ಈಗ ಎದುರಿಗಿದೆ. ಕೆನಡಾದಲ್ಲಿ 70ಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿವೆ. ಕ್ರೀ ಮಾತೃಭಾಷೆಯ ಟಾಮ್ಸನ್ ಹೈವೇ 1986ರ ‘ದಿ ರೆಜ್ ಸಿಸ್ಟರ್ಸ್’ ನಾಟಕದಲ್ಲಿ ನಾನಬುಶ್ ಎಂಬ ಮಾಯಾವಿಯನ್ನು ತಂದರು. ಅಲ್ಲಿ ಗಂಡಾದ ನಾನಬುಶ್, ಮುಂದಿನ ನಾಟಕದಲ್ಲಿ ಹೆಣ್ಣು. ಕ್ರೀ ಭಾಷೆಯಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಜೀವವಿರುವುದು, ಇಲ್ಲದಿರುವುದು ಎಂಬ ಭೇದವಿದೆ. ಇಂಥ ಪಾತ್ರವನ್ನು ಹೊರುವ ಮೈಯನ್ನು ರಾಸೀನನೂ ಷೇಕ್ಸ್‌ಪಿಯರನೂ ತಯಾರು ಮಾಡಲಾರರು. ಮೂಲನಿವಾಸಿ ಕಲಾವಿದರನ್ನು ಅತಿಥಿಗಳಾಗಿ ಕರೆದು ಒಂದು ನಾಟಕ ಆಡಿಸಿದರೆ ಈ ಕೊರತೆ ತುಂಬುವುದಿಲ್ಲ. ಆ ಭಾಷೆ ಬಲ್ಲವರು ಆ ಭಾಷೆಯಲ್ಲೇ ಧ್ವನಿಯ ಪಾಠ ಮಾಡಬೇಕು, ಪರೀಕ್ಷಕರ ಸಾಲಿನಲ್ಲೂ ಅವರು ಕೂರಬೇಕು. ರಾಷ್ಟ್ರೀಯ ಎಂಬ ಹೆಸರು ಹೊತ್ತ ಶಾಲೆಗೆ ಇದು ತಪ್ಪಿಸಿಕೊಳ್ಳಲಾಗದ ಸಾಲ.

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಒಂದೇ ಭಾಷೆಯಲ್ಲಿ ಕಲಿಸುತ್ತಾ ಬಂದಿದೆ. ಆದರೂ ರಾಯಚೂರು, ಕುಂದಾಪುರ, ಚಾಮರಾಜನಗರಗಳ ಕನ್ನಡಗಳು ಅಲ್ಲಿ ಒಂದೇ ತಾಲೀಮಿನಲ್ಲಿ ಸೇರುತ್ತವೆ. ಒಂದು ಊರಿನ ಹುಡುಗಿ ಇನ್ನೊಂದು ಊರಿನ ಮಾತಿಗೆ ನಾಲಗೆ ಹೊಂದಿಸುವಾಗ ಆಗುವುದೂ ಅನುವಾದವೇ. ಮಾಂಟ್ರಿಯಲ್‌ನ ಅಭಿನಯ ತರಗತಿಗಳಲ್ಲಿ ನಾನು ಕಾಣಬಯಸುವುದೂ ಇಂಥ ಒಂದು ಬೆಳಗನ್ನೇ. ಫ್ರೆಂಚ್ ವಿಭಾಗದ ವಿದ್ಯಾರ್ಥಿನಿ ತಾನು ಬರೆದ ದೃಶ್ಯವನ್ನು ಕೆನಡಾದ ಪೂರ್ವ ಕರಾವಳಿಯ ಅಕಾಡಿಯಾದ ತನ್ನ ಹಳ್ಳಿಯ ಉಚ್ಚಾರದಲ್ಲೇ ಓದುತ್ತಾಳೆ. ಎದುರಿಗೆ ಕೂತ ಇಂಗ್ಲಿಷ್ ವಿಭಾಗದ ನಟನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಅವನ ಕೈಗೆ ಇನ್ನೂ ಅನುವಾದ ಕೊಟ್ಟಿಲ್ಲ. ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಂಡಳೋ ಅಲ್ಲೆಲ್ಲ ಅವನು ಖಾಲಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದು ಗೆರೆ ಹಾಕಿಕೊಳ್ಳುತ್ತಿದ್ದಾನೆ.