ಮಂದ್ರಪಂಕ್ತಿಯ ಅಂಕಿಗಳು

ವೆನಿಸ್‌ನ ಒಪೆರಾ ಮಂದಿರಗಳ ಹಣಕಾಸಿನ ವಿಚಾರವನ್ನು ಈ ವಾರ ಚರ್ಚಿಸಲಾಗುವುದೆಂದು ಕಳೆದ ಕಂತಿನಲ್ಲಿ ಹೇಳಲಾಗಿತ್ತು. 1637ರಲ್ಲಿ ಅಲ್ಲಿಯ ಸಾನ್ ಕಸ್ಸಿಯಾನೊ ರಂಗಮಂದಿರವು ಹಣ ಕೊಟ್ಟು ಬಂದವರಿಗೆಲ್ಲ ಬಾಗಿಲು ತೆರೆದದ್ದರಿಂದ ದರ್ಬಾರಿನ ಕಲೆ ಪೇಟೆಯ ಕಲೆಯೂ ಆದದ್ದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಸುಮಾರು 1600ರಿಂದ 1750ರವರೆಗಿನ ಬರೋಕ್ ಸಂಗೀತವನ್ನು ಅರಮನೆಯ ಮತ್ತು ಕ್ಯಾಥೊಲಿಕ್ ಚರ್ಚಿನ ವೈಭವದ ಕೂಸೆಂದು ವರ್ಣಿಸುವ ರೂಢಿ ಪಠ್ಯಪುಸ್ತಕಗಳಲ್ಲಿ ಆಳವಾಗಿ ಬೇರೂರಿದೆ. ಹದಿನಾಲ್ಕನೆಯ ಲೂಯಿಯ ಆಶ್ರಯದಲ್ಲಿ ಲುಲ್ಲಿ ರಚಿಸಿದ ಒಪೆರಾಗಳು ದೊರೆಯ ಸ್ತುತಿಯಿಂದಲೇ ಆರಂಭವಾಗುತ್ತಿದ್ದುದನ್ನು ನೆನೆದರೆ ಈ ವರ್ಣನೆಯನ್ನು ಪೂರ್ತಿಯಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೂ ಆ ಕಾಲದ ಸಂಗೀತವನ್ನು ಅದರ ಹಿಂದಿನ ಮತ್ತು ಮುಂದಿನ ಸಂಗೀತಗಳಿಂದ ಬೇರ್ಪಡಿಸುವ ಲಕ್ಷಣ ಯಾವುದೋ, ಅದು ಊರೂರಿಗೆ ಹರಡಿ ಬೇರುಬಿಡಲು ಸಿರಿತನಕ್ಕಿಂತ ಕೊರತೆಯೇ ಹೆಚ್ಚು ಕಾರಣವಾಯಿತು.

ಆ ಲಕ್ಷಣವೇ ಬಾಸೋ ಕಂಟಿನ್ಯುಯೋ, ಅಂದರೆ ಕೃತಿಯ ಆದಿಯಿಂದ ಅಂತ್ಯದವರೆಗೆ ಕಡಿಯದೆ ಸಾಗುವ ಮಂದ್ರಪಂಕ್ತಿ. ಸೆಲ್ಲೊದಂಥ ಒಂದು ತಂತಿವಾದ್ಯ ಈ ಪಂಕ್ತಿಯನ್ನು ನುಡಿಸುತ್ತಿದ್ದರೆ, ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಲ್ಯೂಟ್ ವಾದಕನು ಅದರ ಮೇಲೆ ತಕ್ಕ ಸ್ವರಗುಚ್ಛಗಳನ್ನು ಕಟ್ಟಿಕೊಡುತ್ತಾನೆ. ಆ ಗುಚ್ಛಗಳನ್ನು ವಾಗ್ಗೇಯಕಾರನು ಬರೆದಿರುವುದಿಲ್ಲ. ಮಂದ್ರಸ್ವರಗಳ ಮೇಲೋ ಕೆಳಗೋ ಕೆಲವು ಅಂಕಿಗಳನ್ನಷ್ಟೇ ಕಾಣಿಸಿರುತ್ತಾನೆ. ಅಂಕಿಯೇ ಇಲ್ಲದಿದ್ದರೆ ಆ ಸ್ವರದಿಂದ ಎಣಿಸಿ ಮೂರನೆಯ ಮತ್ತು ಐದನೆಯ ಸ್ವರಗಳನ್ನು ಜೊತೆಗೂಡಿಸಬೇಕು. 6 ಎಂದಿದ್ದರೆ ಐದನೆಯದನ್ನು ಬಿಟ್ಟು ಆರನೆಯದನ್ನು ಹಿಡಿಯಬೇಕು. 4ರ ಪಕ್ಕದಲ್ಲಿ 3 ಇದ್ದರೆ ನಾಲ್ಕನೆಯ ಸ್ವರವನ್ನು ತುಸು ತಡೆದು ನಿಲ್ಲಿಸಿ ಮೂರನೆಯದಕ್ಕೆ ಇಳಿಸಬೇಕು. ಇಷ್ಟು ವ್ಯಾಕರಣ. ಸ್ವರಗಳನ್ನು ಒಟ್ಟಿಗೆ ಒತ್ತಬೇಕೋ ಬಿಡಿಬಿಡಿಯಾಗಿ ಉದುರಿಸಬೇಕೋ, ಗಾಯಕನು ಉಸಿರು ತೆಗೆದುಕೊಳ್ಳುವಲ್ಲಿ ಒಂದು ಎಳೆ ಹೆಣೆಯಬೇಕೋ ಸುಮ್ಮನಿರಬೇಕೋ ಎಂಬುದೆಲ್ಲ, ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ವಾದಕನ ಮನೋಧರ್ಮಕ್ಕೆ ಸೇರಿದ್ದು.

ಇದರ ಹುಟ್ಟಿನಲ್ಲಿ ಫ್ಲಾರೆನ್ಸಿನ ವಿದ್ವಾಂಸರ ಪಾಲಿದೆ ಎಂಬುದು ಗೊತ್ತಿರುವ ವಿಷಯ. ಹಲವು ಕಂಠಗಳ ಹೆಣಿಗೆಯಲ್ಲಿ ಕಾವ್ಯದ ಮಾತು ಮುಳುಗಿಹೋಗುತ್ತದೆಂದು ನೊಂದು, ಒಂಟಿ ದನಿ ಸ್ಪಷ್ಟವಾಗಿ ಕೇಳುವಂತೆ ಅವರು ಹಿಮ್ಮೇಳವನ್ನು ಸರಳಗೊಳಿಸಿದರು. 1600ರಲ್ಲಿ ಮುದ್ರಣಗೊಂಡ ಕವಲಿಯೇರಿಯ ನಾಟಕದಲ್ಲಿ ಅಂಕಿಗಳೂ ಕಾಣಿಸಿಕೊಂಡವು. ಆದರೆ ಸಾಮಾನ್ಯ ಚರ್ಚುಗಳ ಹಾಡುಗಾರರವರೆಗೆ ಈ ಪದ್ಧತಿಯನ್ನು ಮುಟ್ಟಿಸಿದ್ದು ವಿಯದಾನನ ನೂರು ಚರ್ಚ್ ಕನ್ಸರ್ಟೊಗಳ ಸಂಪುಟ. 1602ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಆ ಸಂಪುಟದ ಮುನ್ನುಡಿಯಲ್ಲಿ ಆತ ಕೊಡುವ ಕಾರಣ ಸೌಂದರ್ಯಶಾಸ್ತ್ರದ್ದಲ್ಲ, ಪೂರ್ತಿ ವ್ಯಾವಹಾರಿಕವಾದದ್ದು. ಐದರಿಂದ ಎಂಟು ಕಂಠಗಳಿಗೆಂದು ರಚಿತವಾದ ಕೃತಿಗಳನ್ನು ಇಬ್ಬರೋ ಮೂವರೋ ಹಾಡಬೇಕಾಗಿ ಬಂದಾಗ ಉಳಿದ ಪಂಕ್ತಿಗಳು ಬಿಟ್ಟುಹೋಗಿ, ಮಾತಿನ ಅರ್ಥವೂ ಸಂಗೀತದ ಸಂಬಂಧವೂ ಹರಿದುಹೋಗುತ್ತಿದ್ದವು. ಆದ್ದರಿಂದ ಇದ್ದಷ್ಟು ಜನ ಹಾಡಿದರೂ ಪೂರ್ಣವೆನಿಸುವ, ಆರ್ಗನ್ನಿನ ಮಂದ್ರಪಂಕ್ತಿಯ ಮೇಲೆ ನಿಲ್ಲುವ ರಚನೆಗಳನ್ನು ಆತ ಕೊಟ್ಟನು.

ಜರ್ಮನಿಯಲ್ಲಿ ಈ ಕೊರತೆ ಇನ್ನೂ ಕಠೋರವಾಗಿತ್ತು. 1618ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಯುದ್ಧವು ಡ್ರೆಸ್ಡನ್ ಆಸ್ಥಾನದ ವಾದ್ಯವೃಂದವನ್ನು ಸೊರಗಿಸಿದಾಗ, 1619ರಲ್ಲಿ ಹಲವು ಮೇಳಗಳು ಎದುರುಬದುರಾಗಿ ಹಾಡುವ ಭಾರಿ ಕೀರ್ತನೆಗಳನ್ನು ಪ್ರಕಟಿಸಿದ್ದ ಶೂಟ್ಸ್, 1636 ಮತ್ತು 1639ರ ಕಿರು ಕನ್ಸರ್ಟೊಗಳಲ್ಲಿ ಒಂದರಿಂದ ಐದು ಕಂಠಗಳಿಗೂ ಒಂದು ಮಂದ್ರಪಂಕ್ತಿಗೂ ಇಳಿದನು. ಆ ಬಡತನದಲ್ಲಿ ಹುಟ್ಟಿದ ಏಕಕಂಠದ ರಚನೆಗಳ ತೀವ್ರತೆಗೆ ಅವನ ಹಿಂದಿನ ಭಾರಿ ಕೀರ್ತನೆಗಳು ಸಾಟಿಯಾಗಲಾರವು.

ಹತ್ತೊಂಬತ್ತನೆಯ ಶತಮಾನದ ಪಂಥವೊಂದು ಈ ಮಂದ್ರಪಂಕ್ತಿಗೆ ಮಾಡಿದ ಅನ್ಯಾಯವನ್ನು ಈ ಅಂಕಣ ಹಿಂದೆಯೂ ಖಂಡಿಸಿದೆ, ಮತ್ತೆ ಖಂಡಿಸುತ್ತದೆ. ಬಾಖ್ ಮತ್ತು ಹ್ಯಾಂಡೆಲ್‌ರ ಅಂಕಿಗಳನ್ನು ಅಪೂರ್ಣತೆಯ ಗುರುತೆಂದು ಬಗೆದ ರಾಬರ್ಟ್ ಫ್ರಾನ್ಸ್, ಖಾಲಿಯೆಂದು ಕಂಡ ಜಾಗಗಳಿಗೆಲ್ಲ ಕ್ಲ್ಯಾರಿನೆಟ್, ಬಸ್ಸೂನ್‌ಗಳಿಂದ ಹಿಮ್ಮೇಳವನ್ನು ಬರೆದು ತುಂಬಿದನು. ಕ್ರಿಸಾಂಡರನಂಥ ವಿದ್ವಾಂಸರು ಆಗಲೇ ಪ್ರತಿಭಟಿಸಿದರೂ ದೊಡ್ಡ ವಾದ್ಯವೃಂದದ ಮೋಹ ಅಷ್ಟು ಬೇಗ ಇಳಿಯಲಿಲ್ಲ. 1950ರಲ್ಲಿ ಸಾಲ್ಟ್ಸ್‌ಬರ್ಗ್‌ನಲ್ಲಿ ಫುರ್ಟ್‌ವೆಂಗ್ಲರ್ ಬಾಖ್‌ನ ಐದನೆಯ ಬ್ರಾಂಡೆನ್‌ಬುರ್ಗ್ ಕನ್ಸರ್ಟೊವನ್ನು ಪಿಯಾನೊ ನುಡಿಸುತ್ತ ನಡೆಸಿಕೊಟ್ಟದ್ದು ಧ್ವನಿಮುದ್ರಣದಲ್ಲಿ ಉಳಿದಿದೆ. ಮಹಾನ್ ಸಂಗೀತಗಾರನ ಮನಸ್ಸು ಅದರಲ್ಲಿ ಕೇಳಿಸುತ್ತದೆ ಎಂಬುದನ್ನು ಒಪ್ಪಬಹುದು. ಆದರೆ ಗರಿಯ ತುದಿ ತಂತಿಯನ್ನು ಮೀಟಿದಾಗ ಏಳುವ, ಬೆರಳಿನ ಒತ್ತಡಕ್ಕೆ ಏರಿಳಿಯದ ಹಾರ್ಪ್ಸಿಕಾರ್ಡಿನ ಖಚಿತ ದನಿಯನ್ನು ನಂಬಿ ಕಟ್ಟಿದ ಕೃತಿ ಅಲ್ಲಿ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. 1953ರಲ್ಲಿ ವಿಯೆನ್ನಾದಲ್ಲಿ ಹಾರ್ನೊನ್‌ಕೂರ್ ತನ್ನ ಹಳೆಯ ವಾದ್ಯಗಳ ತಂಡವನ್ನು ಕಟ್ಟಿದ ಮೇಲೆಯೇ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತು.

ಆ ಐದನೆಯ ಕನ್ಸರ್ಟೊದ ಹಿಂದೆಯೂ ಒಂದು ಉಳಿತಾಯದ ಕಥೆಯಿದೆ. 1713ರಲ್ಲಿ ಪಟ್ಟಕ್ಕೆ ಬಂದ ಪ್ರಷ್ಯಾದ ದೊರೆ ಒಂದನೆಯ ಫ್ರೆಡರಿಕ್ ವಿಲ್ಹೆಲ್ಮ್, ಸೈನ್ಯಕ್ಕೆ ಹಣ ಬೇಕೆಂದು ಬರ್ಲಿನ್ ಆಸ್ಥಾನದ ವಾದ್ಯವೃಂದವನ್ನು ಬರ್ಖಾಸ್ತು ಮಾಡಿದನು. ಕೆಲಸ ಕಳೆದುಕೊಂಡ ನುರಿತ ವಾದಕರಲ್ಲಿ ಹಲವರನ್ನು ಕೊಥೆನ್‌ನ ಯುವರಾಜ ಲಿಯೊಪೊಲ್ಡ್ ತನ್ನ ಪುಟ್ಟ ಸಂಸ್ಥಾನಕ್ಕೆ ಕರೆಸಿಕೊಂಡನು. ಆ ಆಸ್ಥಾನ ಕ್ಯಾಲ್ವಿನ್ ಪಂಥದ್ದಾದ್ದರಿಂದ ಆರಾಧನೆಯಲ್ಲಿ ವಿಸ್ತಾರವಾದ ಸಂಗೀತಕ್ಕೆ ಎಡೆಯಿರಲಿಲ್ಲ. ಹೀಗಾಗಿ 1717ರಲ್ಲಿ ಅಲ್ಲಿಯ ಸಂಗೀತ ನಿರ್ದೇಶಕನಾದ ಬಾಖ್‌ನ ಶಕ್ತಿ ಬಹುಪಾಲು ವಾದ್ಯಸಂಗೀತದ ಕಡೆಗೆ ಹರಿಯಿತು. 1719ರಲ್ಲಿ ಬರ್ಲಿನ್‌ಗೆ ಹೋಗಿ ಮೀಟ್ಕೆ ಎಂಬ ಕುಶಲಕರ್ಮಿಯ ಹೊಸ ಹಾರ್ಪ್ಸಿಕಾರ್ಡನ್ನು ಅವನೇ ತಂದನು. ಎರಡು ವರ್ಷಗಳ ನಂತರ ಆರು ಕನ್ಸರ್ಟೊಗಳನ್ನು ಪ್ರತಿ ಮಾಡಿ ಅರ್ಪಿಸಿದ್ದು ಬ್ರಾಂಡೆನ್‌ಬುರ್ಗಿನ ಕ್ರಿಸ್ಟಿಯನ್ ಲುಡ್ವಿಗ್‌ಗೆ. ಆತ ಸಂಗೀತಗಾರರನ್ನು ಬಿಡಿಸಿದ ಅದೇ ದೊರೆಯ ಚಿಕ್ಕಪ್ಪ.

ಐದನೆಯದರಲ್ಲಿ ಫ್ಲೂಟ್, ಪಿಟೀಲು ಮತ್ತು ಹಾರ್ಪ್ಸಿಕಾರ್ಡ್ ಮುಖ್ಯ ವಾದ್ಯಗಳು. ರೂಢಿಯ ಎರಡನೆಯ ಪಿಟೀಲಿನ ಪಂಕ್ತಿ ಇಲ್ಲಿಲ್ಲ. ಸಾಮಾನ್ಯವಾಗಿ ವಿಯೋಲಾ ನುಡಿಸುತ್ತಿದ್ದ ಬಾಖ್ ಹಾರ್ಪ್ಸಿಕಾರ್ಡಿನ ಮುಂದೆ ಕುಳಿತಾಗ ಎರಡನೆಯ ಪಿಟೀಲುಗಾರ ವಿಯೋಲಾಕ್ಕೆ ಸರಿದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮೊದಲ ಚಲನೆಯ ಆರಂಭದಲ್ಲಿ ವೃಂದವೆಲ್ಲ ಸೇರಿ ಪಲ್ಲವಿಯಂತೆ ಮರಳಿ ಬರಲಿರುವ ವಸ್ತುವನ್ನು ಮಂಡಿಸುವಾಗ ಹಾರ್ಪ್ಸಿಕಾರ್ಡಿಗೆ ಇರುವುದು ಅಂಕಿಗಳ ಮಂದ್ರಪಂಕ್ತಿ ಮಾತ್ರ. ವೃಂದ ಹಿಂದೆ ಸರಿದೊಡನೆ ಅದರ ಬಲಗೈಗೆ ಬರೆದ ಸ್ವರಗಳು ದೊರೆಯುತ್ತವೆ; ಫ್ಲೂಟ್ ಮತ್ತು ಪಿಟೀಲುಗಳು ಮೃದುವಾಗಿ ಸಂಭಾಷಿಸುತ್ತಿರುವಾಗ ಅದು ಮೆಲ್ಲಮೆಲ್ಲನೆ ವೇಗ ಹೆಚ್ಚಿಸುತ್ತ ಅತಿಸೂಕ್ಷ್ಮ ಕಾಲಪ್ರಮಾಣದ ಸ್ವರಗಳಲ್ಲಿ ಓಡತೊಡಗುತ್ತದೆ. ಒಂದು ಹಂತದಲ್ಲಿ ಉಳಿದೆಲ್ಲ ವಾದ್ಯಗಳೂ ಒಂದೊಂದಾಗಿ ಮೌನವಾಗಿ, 227 ಬಾರ್‌ಗಳ ಚಲನೆಯಲ್ಲಿ 65 ಬಾರ್‌ಗಳಷ್ಟನ್ನು ಹಾರ್ಪ್ಸಿಕಾರ್ಡ್ ಒಂಟಿಯಾಗಿ ಆಕ್ರಮಿಸುತ್ತದೆ. ಕೃತಿಯ ಹಿಂದಿನ ಪಾಠದಲ್ಲಿ ಈ ಭಾಗ ಬಹಳ ಚಿಕ್ಕದು, ಬೆಳೆಸಿದ್ದು ನಂತರ. ಮಂದ್ರದಲ್ಲಿ ಪಂಚಮವು ಕದಲದೆ ನಿಂತು, ಅದರ ಮೇಲೆ ಅರ್ಧಸ್ವರಗಳು ಒತ್ತರಿಸಿ ಬಂದು, ಎಲ್ಲಿ ಇಳಿದೀತೆಂಬುದೇ ತಿಳಿಯದಷ್ಟು ಬಿಗಿದ ಮೇಲೆ ವೃಂದವು ಆರಂಭದ ವಸ್ತುವನ್ನು ಹಿಡಿದು ಮರಳುತ್ತದೆ, ಹಾರ್ಪ್ಸಿಕಾರ್ಡ್ ಮತ್ತೆ ಅಂಕಿಗಳಿಗೆ ಹಿಂದಿರುಗುತ್ತದೆ. ಹಿಮ್ಮೇಳದಲ್ಲೇ ಉಳಿದಿದ್ದ ವಾದ್ಯವೊಂದು ಸಭೆಯ ನಡುವೆ ಎದ್ದು ನಿಲ್ಲುವ ಈ ಘಟನೆಗಿಂತ ದೊಡ್ಡದು ಬರೋಕ್ ಯುಗದ ವಾದ್ಯಸಂಗೀತದಲ್ಲಿ ಇನ್ನೊಂದಿಲ್ಲ.

1723ರಲ್ಲಿ ಲೈಪ್ಜಿಗ್‌ಗೆ ಹೋದ ಬಾಖ್‌ನನ್ನು ಕೊರತೆ ಅಲ್ಲಿಯೂ ಬಿಡಲಿಲ್ಲ. 1730ರಲ್ಲಿ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಅವನು, ಚರ್ಚಿನ ಸಂಗೀತಕ್ಕೆ ಹದಿನೆಂಟು ಮಂದಿ ವಾದಕರಾದರೂ ಬೇಕಿರುವಲ್ಲಿ ನಗರದ ಸಂಬಳದ ಮೇಲಿರುವವರು ಎಂಟೇ ಮಂದಿ ಎಂದು ಲೆಕ್ಕ ಕೊಟ್ಟನು. ಅಷ್ಟರಲ್ಲಾಗಲೇ ವಿದ್ಯಾರ್ಥಿಗಳ ಸಂಗೀತ ಮಂಡಳಿಯೊಂದನ್ನು ಅವನು ವಹಿಸಿಕೊಂಡಿದ್ದನು. ಟ್ಸಿಮ್ಮರ್‌ಮನ್‌ನ ಕಾಫಿ ಮನೆಯೇ ಅದರ ಸಭಾಂಗಣ. ಅಲ್ಲಿ ಹಿಂದೆ ಕೇಳಿರದಂಥ ಹೊಸ ಹಾರ್ಪ್ಸಿಕಾರ್ಡ್ ಬರಲಿದೆಯೆಂದು 1733ರಲ್ಲಿ ಊರಿನ ಪತ್ರಿಕೆ ಪ್ರಕಟಿಸಿತು, ಮತ್ತು ಆ ವಾದ್ಯವನ್ನೇ ನಾಯಕನನ್ನಾಗಿಸಿದ ಡಿ ಮೈನರ್ ಮೊದಲಾದ ಕನ್ಸರ್ಟೊಗಳನ್ನು ಬಾಖ್ ಅದೇ ದಶಕದ ಕೊನೆಯ ಹೊತ್ತಿಗೆ ಒಟ್ಟುಗೂಡಿಸಿ ಬರೆದಿಟ್ಟನು.