ಬಾವಿಗೆ ಹಾರಿದ ತಪಸ್ವಿ

ಈಜಿಪ್ಟಿನ ಮರುಭೂಮಿಯಲ್ಲಿ ಹೆರೋ ಎಂಬ ಸನ್ಯಾಸಿ ಐವತ್ತು ವರ್ಷ ಕಠಿಣ ತಪಸ್ಸು ಮಾಡಿದ. ಪಾಸ್ಖ ಹಬ್ಬದ ದಿನವೂ ಆತ ಸಹೋದರರ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಒಂದಿಷ್ಟು ಕಾಳು ತಿಂದರೂ ವ್ರತ ಸಡಿಲವಾಯಿತೆಂದು ಯಾರಾದರೂ ಭಾವಿಸಿಯಾರೆಂಬ ಅಳುಕು. ಕೊನೆಗೆ ದೇವದೂತನ ವೇಷದಲ್ಲಿ ಬಂದ ಸೈತಾನನನ್ನು ನಂಬಿ, ತನ್ನ ಪುಣ್ಯವೇ ತನ್ನನ್ನು ಕಾಯುತ್ತದೆಂದು ನಡುರಾತ್ರಿ ಆಳವಾದ ಬಾವಿಗೆ ಹಾರಿದ. ಸಹೋದರರು ಅರೆಜೀವವಾದವನನ್ನು ಮೇಲೆತ್ತಿದರು. ಮೂರನೆಯ ದಿನ ಸತ್ತ. ಸಾಯುವವರೆಗೂ ತಾನು ಮೋಸಹೋದೆನೆಂದು ಒಪ್ಪಲಿಲ್ಲ. ಈ ಕಥೆಯನ್ನು ಬರೆದಿಟ್ಟವನು ಜಾನ್ ಕ್ಯಾಸಿಯನ್. ಈಜಿಪ್ಟಿನ ಮುನಿಗಳ ಜೊತೆ ವರ್ಷಗಟ್ಟಲೆ ಇದ್ದು, 5ನೇ ಶತಮಾನದ ಆರಂಭದಲ್ಲಿ ಇಂದಿನ ಫ್ರಾನ್ಸಿನ ಮಾರ್ಸೇಯಲ್ಲಿ ಮಠ ಕಟ್ಟಿದವನು. ಅವನು ಬರೆದ 24 ಸಂವಾದಗಳಲ್ಲಿ ಎರಡನೆಯದು ಪೂರ್ತಿ ವಿವೇಚನೆಯ ಕುರಿತೇ ಇದೆ. ಉಪವಾಸ, ಜಾಗರಣೆ, ಏಕಾಂತ, ದಾನ ಎಲ್ಲವನ್ನೂ ಮಾಡಿ ಕೆಟ್ಟವರಿದ್ದಾರೆ. ಕೊರತೆ ಇದ್ದದ್ದು ವಿವೇಚನೆಯೊಂದರದೇ ಎಂಬ ತೀರ್ಮಾನವನ್ನು ಅಲ್ಲಿ ಈಜಿಪ್ಟಿನ ಮರುಭೂಮಿಯ ಹಿರಿಯ ಮುನಿ ಸಂತ ಅಂತೋನಿಯ ಬಾಯಲ್ಲಿ ಹೇಳಿಸಲಾಗಿದೆ.

ಹೆರೋ ತನ್ನನ್ನು ತಾನು ಪರೀಕ್ಷಿಸಿಕೊಳ್ಳದವನಲ್ಲ ಎಂಬುದನ್ನು ಗಮನಿಸಬೇಕು. ಅರ್ಧ ಶತಮಾನ ಅವನು ಮಾಡಿದ್ದು ಅದನ್ನೇ. ಪರೀಕ್ಷಕನೂ ಅವನೇ, ಪರೀಕ್ಷೆಗೆ ನಿಂತವನೂ ಅವನೇ. ಕ್ರೈಸ್ತ ಆತ್ಮಶೋಧನೆಯ ಪರಂಪರೆಯನ್ನು ಅಂತರಂಗ ನೋಡಿಕೊಳ್ಳುವ ವಿದ್ಯೆಯೆಂದು ಇಂದು ಬಣ್ಣಿಸುವವರು ಈ ಅಂಶವನ್ನು ಮರೆಯುತ್ತಾರೆ. ಮರುಭೂಮಿಯ ಗುರುಗಳಿಗೆ ಒಳಗಿನ ಕಣ್ಣಿನ ಮೇಲೇ ಅನುಮಾನವಿತ್ತು. ಮನಸ್ಸಿಗೆ ಬರುವ ಆಲೋಚನೆಗಳನ್ನು ಚಿನಿವಾರನು ನಾಣ್ಯ ನೋಡುವಂತೆ ನೋಡಬೇಕೆನ್ನುತ್ತಾನೆ ಕ್ಯಾಸಿಯನ್ನನ ಗುರು ಅಬ್ಬಾ ಮೋಸೆಸ್: ಬಂಗಾರ ಅಸಲಿಯೇ, ಅಚ್ಚು ನಿಜವಾದ ರಾಜನದೇ, ತೂಕ ಸರಿಯಿದೆಯೇ. ಆದರೆ ಈ ಪರೀಕ್ಷೆಯನ್ನು ಒಬ್ಬನೇ ಮಾಡಕೂಡದು. ಬಂದ ಆಲೋಚನೆಯನ್ನು, ಅದು ಎಷ್ಟೇ ನಾಚಿಕೆಯದಿರಲಿ ಎಷ್ಟೇ ಪುಣ್ಯದ್ದಿರಲಿ, ಹಿರಿಯನೊಬ್ಬನ ಮುಂದೆ ಬಿಚ್ಚಿಡಬೇಕು. ವಿನಯವೆಂದರೆ ಇಲ್ಲಿ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ, ತನ್ನ ತೀರ್ಪನ್ನು ಕೊನೆಯದೆಂದು ಹಿಡಿದುಕೊಳ್ಳದಿರುವುದು. ನಾನು ಮಹಾಪಾಪಿ ಎಂಬ ತೀರ್ಪಿಗೂ ಇದು ಅನ್ವಯಿಸುತ್ತದೆ. ಈ ಪರಂಪರೆಯ ನಿಜವಾದ ಹಿರಿಮೆ ಇರುವುದು ಇಲ್ಲಿ ಎಂಬುದು ನನ್ನ ವಾದ.

ಹಾಗಾದರೆ ಕೇಳುವ ಹಿರಿಯನ ಗತಿ? ಅವನೂ ಮನುಷ್ಯನೇ ತಾನೆ? ಆಕ್ಷೇಪ ಹಗುರವಾದದ್ದಲ್ಲ. ಕ್ಯಾಸಿಯನ್ ಅದನ್ನು ತಾನೇ ಎತ್ತುತ್ತಾನೆ. ಕಾಮದ ಕಾಟಕ್ಕೆ ಸಿಕ್ಕ ತರುಣ ಸನ್ಯಾಸಿಯೊಬ್ಬ ವೃದ್ಧನೊಬ್ಬನ ಬಳಿ ಹೋಗಿ ಹೇಳಿಕೊಳ್ಳುತ್ತಾನೆ. ಇಂಥವನು ಸನ್ಯಾಸಿಯೇ ಎಂದು ವೃದ್ಧ ಬಯ್ದು ಕಳಿಸುತ್ತಾನೆ. ಹತಾಶನಾದ ತರುಣ ಮಠ ಬಿಟ್ಟು ಮದುವೆಯಾಗಲು ಊರ ಕಡೆ ಹೊರಟಾಗ ದಾರಿಯಲ್ಲಿ ಅಬ್ಬಾ ಅಪೊಲ್ಲೊ ಸಿಗುತ್ತಾನೆ. ಈ ವಯಸ್ಸಿನಲ್ಲಿ ನನಗೂ ಆ ಕಾಟ ತಪ್ಪಿಲ್ಲವೆಂದು ಸಮಾಧಾನ ಹೇಳಿ, ಒಂದು ದಿನ ತಡೆಯಲು ಕೇಳಿಕೊಳ್ಳುತ್ತಾನೆ. ಆಮೇಲೆ ಅವನು ಮಾಡುವ ಪ್ರಾರ್ಥನೆ ವಿಚಿತ್ರವಾದದ್ದು: ಆ ಕಾಟ ವೃದ್ಧನ ಮೇಲೆ ತಿರುಗಲಿ. ಸ್ವಲ್ಪ ಹೊತ್ತಿಗೆ ವೃದ್ಧ ಹುಚ್ಚು ಹಿಡಿದವನಂತೆ ಗುಡಿಸಲಿನಿಂದ ಹೊರಬಂದು ತರುಣ ಹಿಡಿದ ದಾರಿಯನ್ನೇ ಹಿಡಿಯುತ್ತಾನೆ. ತಲೆ ನರೆತ ಮಾತ್ರಕ್ಕೆ ಯಾರನ್ನೂ ನಂಬಬಾರದು ಎಂಬ ಎಚ್ಚರಿಕೆ ಕಥೆಯ ಜೊತೆಗೇ ಬರುತ್ತದೆ. ಕೇಳುವವನ ಅರ್ಹತೆ ಅವನ ಸ್ಥಾನದಿಂದಲ್ಲ, ತನ್ನ ದೌರ್ಬಲ್ಯದ ನೆನಪಿನಿಂದ ಬರುತ್ತದೆ.

ಪರಂಪರೆ ಈ ಎತ್ತರದಲ್ಲೇ ನಿಂತಿತು ಎನ್ನಲಾಗದು. ಇದೇ ಕ್ಯಾಸಿಯನ್ ಮಠಜೀವನದ ನಿಯಮಗಳ ಕುರಿತ ಇನ್ನೊಂದು ಗ್ರಂಥದಲ್ಲಿ, ಹಿರಿಯನ ಮಾತಿಗೆ ಕಟ್ಟುಬಿದ್ದು ಒಣ ಕೋಲಿಗೆ ವರ್ಷವಿಡೀ ನೀರೆರೆದ ಜಾನ್ ಎಂಬ ಬೇರೊಬ್ಬ ಸನ್ಯಾಸಿಯನ್ನು ಮನಸಾರೆ ಹೊಗಳುತ್ತಾನೆ. ಕೋಲಿಗೆ ನೀರು ಹಾಕಿಸಿದ ಹಿರಿಯನನ್ನು ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಎರಡೂ ಕಥೆಗಳು ಒಂದೇ ಕೈಯಿಂದ ಬಂದವು. ನನಗಂತೂ ಅವು ಒಂದಕ್ಕೊಂದು ಹೊಂದುವಂತೆ ಕಾಣುವುದಿಲ್ಲ. ವಿಧೇಯತೆಯನ್ನೇ ವಿವೇಚನೆಯೆಂದು ಎಣಿಸಿದ ಕಡೆಯಲ್ಲೆಲ್ಲ ಹಿರಿಯನ ದರ್ಪಕ್ಕೆ ಬಾಗಿಲು ತೆರೆದಿದೆ.

ಇನ್ನೊಂದು ಆಕ್ಷೇಪ ಇಂದಿನವರದು: ಸದಾ ತನ್ನನ್ನೇ ಕೆದಕಿಕೊಳ್ಳುವುದು ಒಂದು ರೋಗವಲ್ಲವೇ? ರೋಗವಾಗಬಲ್ಲುದು ಎಂಬುದಕ್ಕೆ ಸಂತ ಇಗ್ನೇಷಿಯಸ್ ಲೊಯೋಲನೇ ಸಾಕ್ಷಿ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದುಕೊಂಡ ಈ ಸೈನಿಕ ಮರುವರ್ಷ ಮನ್ರೇಸಾದಲ್ಲಿ, ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡರೂ ನೆಮ್ಮದಿ ಸಿಗದೆ, ಕೋಣೆಯಲ್ಲಿದ್ದ ದೊಡ್ಡ ಕಂಡಿಯೊಂದಕ್ಕೆ ಹಾರಿ ಸಾಯುವ ಯೋಚನೆಗೆ ಬಂದಿದ್ದ. ಹೆರೋನನ್ನು ಗರ್ವ ಎಳೆದ ಕಡೆಗೇ ಇವನನ್ನು ಪಶ್ಚಾತ್ತಾಪ ಎಳೆಯಿತು. ವಾರವಿಡೀ ಅನ್ನ ನೀರು ಬಿಟ್ಟವನ ಉಪವಾಸ ಮುರಿಸಿದ್ದು ಪಾಪನಿವೇದನೆ ಕೇಳುವ ಗುರುವಿನ ಆಜ್ಞೆ. ಆ ಅನುಭವದ ನಂತರ ಅವನು ರೂಪಿಸಿದ ದಿನದ ಆತ್ಮಪರಿಶೋಧನೆ ದೇವರಿಗೆ ಕೃತಜ್ಞತೆ ಹೇಳುವುದರಿಂದ ಶುರುವಾಗುತ್ತದೆ, ತಪ್ಪಿನ ಎಣಿಕೆಯಿಂದಲ್ಲ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡವೆಂಬ ಅವನ ನಿಯಮವೂ ನರಳಿದವನದು. ಹಾಗೆಂದು ಒಂದೊಂದು ದೋಷಕ್ಕೂ ಗೆರೆ ಎಳೆದು ಚುಕ್ಕಿ ಹಾಕಿ ದಿನದಿಂದ ದಿನಕ್ಕೆ ಹೋಲಿಸುವ ಅವನ ಕ್ರಮ ಲೆಕ್ಕಿಗರ ಕೈಗೆ ಸಿಕ್ಕರೆ ಮತ್ತೆ ಮನ್ರೇಸಾಕ್ಕೇ ಕರೆದೊಯ್ಯುತ್ತದೆ.

ದೇವರಿಗೂ ಮನಸ್ಸಾಕ್ಷಿಗೂ ನಡುವೆ ಮೂರನೆಯವನೇಕೆ ಎಂದು ಪ್ರಾಟೆಸ್ಟಂಟರು ಕೇಳುತ್ತಾರೆ. ಅವರ ಮೂಲಪುರುಷ ಲೂಥರನ ಬದುಕು ಈ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಮಠದಲ್ಲಿ ಪಾಪಭೀತಿಯಿಂದ ನಲುಗುತ್ತಿದ್ದ ಅವನಿಗೆ ಆಸರೆಯಾದವನು ಹಿರಿಯ ಸ್ಟೌಪಿಟ್ಸ್. ಮುಂದೆ ಅವನ ಅನುಯಾಯಿಗಳು 1530ರ ಆಗ್ಸ್‌ಬರ್ಗ್ ಘೋಷಣೆಯಲ್ಲಿ ಪ್ರತಿಯೊಂದು ಪಾಪವನ್ನೂ ಎಣಿಸಿ ಹೇಳಲೇಬೇಕೆಂಬ ಕಟ್ಟಳೆಯನ್ನು ಕೈಬಿಟ್ಟರು, ಖಾಸಗಿ ಪಾಪನಿವೇದನೆಯನ್ನು ಉಳಿಸಿಕೊಂಡರು. ಅವರು ತೆಗೆದದ್ದು ಬಲವಂತವನ್ನು, ಕೇಳುವ ಕಿವಿಯನ್ನಲ್ಲ.

ಬಲವಂತದ ಅಪಾಯವನ್ನು ಕಥೋಲಿಕ ಧರ್ಮಸಭೆಯೂ ತಡವಾಗಿ ಒಪ್ಪಿತು. ಮಠಾಧಿಕಾರಿಗಳು ತಮ್ಮ ಕೈಕೆಳಗಿನವರನ್ನು ಅಂತರಂಗ ಬಿಚ್ಚಿಡುವಂತೆ ಯಾವ ರೀತಿಯಲ್ಲೂ ಪ್ರೇರೇಪಿಸಬಾರದೆಂದು 1983ರ ಧರ್ಮಸಭಾ ಸಂಹಿತೆ ಹೇಳುತ್ತದೆ; ಬಿಚ್ಚಿಡುವವರು ತಾವಾಗಿ ಬಿಚ್ಚಿಡಬಹುದು. ಮರುಭೂಮಿಯಲ್ಲಿ ಶಿಷ್ಯ ಹಿರಿಯನನ್ನು ಆರಿಸಿಕೊಂಡು ಹೋಗುತ್ತಿದ್ದ, ಆ ಹಿರಿಯನ ಕೈಯಲ್ಲಿ ಹುದ್ದೆ ಕೊಡುವ ಅಧಿಕಾರವಿರಲಿಲ್ಲ. ಅದೇ ವ್ಯತ್ಯಾಸ. ಇಗ್ನೇಷಿಯಸನ ಯೇಸುಸಭೆ ಮಾತ್ರ ಸದಸ್ಯರು ತಮ್ಮ ಮೇಲಧಿಕಾರಿಗೆ ಅಂತರಂಗದ ವರದಿ ಒಪ್ಪಿಸುವ ಹಳೆಯ ಕ್ರಮವನ್ನು ಇಂದಿಗೂ ಉಳಿಸಿಕೊಂಡಿದೆ. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವುದಕ್ಕೆ ಅದು ಅಗತ್ಯವೆಂಬುದು ಅವರ ಸಮರ್ಥನೆ. ಕೇಳುವವನೇ ವರ್ಗಾವಣೆಯನ್ನೂ ಮಾಡುವವನಾದಾಗ ಹೇಳುವವನ ಮಾತು ಎಷ್ಟು ಮುಕ್ತವಾಗಿರುತ್ತದೆ ಎಂಬ ಪ್ರಶ್ನೆಗೆ ಆ ಸಮರ್ಥನೆಯಲ್ಲಿ ಉತ್ತರವಿಲ್ಲ.