ದಾಟುವ ಮೊದಲೇ ಬಿದ್ದ ಸೇತುವೆ

ಹುಬ್ಬಳ್ಳಿ ಬಳಿಯ ಗಬ್ಬೂರಿನವರಿಗೆ ಹೆದ್ದಾರಿ ಅಂಗಳವಿದ್ದಂತೆ. ಅಲ್ಲಿಂದ ಗದಗ, ಕೊಪ್ಪಳ ದಾಟಿ ಆನೆಗೊಂದಿಗೆ ಹೋದರೆ ದಾರಿ ತುಂಗಭದ್ರೆಯ ದಂಡೆಗೆ ಬಂದು ನಿಂತುಬಿಡುತ್ತದೆ. ಆಚೆಗೆ ಹಂಪಿ ಬದಿಯ ತಳವಾರಘಟ್ಟ. ಹೊಸಪೇಟೆಯ ಆಸ್ಪತ್ರೆಗೆ ಹೋಗಬೇಕಾದ ಆನೆಗೊಂದಿಯವರು ಒಂದೋ ಹರಿಗೋಲು ಹತ್ತಬೇಕಿತ್ತು, ಇಲ್ಲವೇ ಮುನಿರಾಬಾದ್ ಸುತ್ತಬೇಕಿತ್ತು. ಹೊಳೆ ತುಂಬಿ ಬಂದಾಗ ಹರಿಗೋಲೂ ಇಲ್ಲ.

ಈ ಸಂಕಟ ನೀಗಲೆಂದು ಕೈಗೆತ್ತಿಕೊಂಡ ಉಕ್ಕಿನ ಹಗ್ಗಗಳ ಸೇತುವೆ 2009ರ ಜನವರಿ 22ರಂದು, ಕೆಲಸ ನಡೆಯುತ್ತಿದ್ದಾಗಲೇ ಕುಸಿಯಿತು. ಕಾರ್ಮಿಕರು ಜೀವ ತೆತ್ತರು.

ಜನರ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ತಪ್ಪಿದ್ದು ಜಾಗದ ಆಯ್ಕೆ. ವಿಠ್ಠಲ ದೇಗುಲಕ್ಕೆ ಇಷ್ಟು ಹತ್ತಿರದಲ್ಲಿ ವಾಹನಗಳಿಗೆ ದಾರಿ ತೆರೆಯುವುದು 1986ರಿಂದಲೇ ವಿಶ್ವ ಪರಂಪರೆಯ ತಾಣವಾಗಿದ್ದ ಹಂಪಿಗೆ ಒಗ್ಗುವ ಮಾತಲ್ಲ. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದಕ್ಕೆ ಇಂಥ ಸೇತುವೆಗಳೇ ಮುಖ್ಯ ಕಾರಣ. ಆ ಪಟ್ಟಿಯಿಂದ ಹಂಪಿಯ ಹೆಸರು ಹೊರಬಂದದ್ದು 2006ರಲ್ಲಿ. ನಡುವೆ ಸೇತುವೆಯ ಕೆಲಸ ನಿಂತಿತು, ಮತ್ತೆ ಶುರುವಾಯಿತು. ಹಗ್ಗದ ಸೇತುವೆ ಪೂರ್ತಿಯಾದ ಮೇಲೆ ಎಷ್ಟು ಗಟ್ಟಿಯೋ, ಎಳೆತಗಳು ಸರಿತೂಗುವ ತನಕ ಅಷ್ಟೇ ನಾಜೂಕು. ಅಂಥದ್ದನ್ನು ಅರ್ಧಕ್ಕೆ ಬಿಟ್ಟು ವರ್ಷಗಟ್ಟಲೆ ಜಗ್ಗಾಡಿದ್ದನ್ನು ನಾನು ಯಾವ ನೆಪದಿಂದಲೂ ಒಪ್ಪಲಾರೆ.

ಹಗ್ಗದ ಸೇತುವೆಯನ್ನು ದೂರುತ್ತಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯಿಂದ ಮೊದಲ್ಗೊಂಡು ನೂರಕ್ಕೂ ಹೆಚ್ಚು ಕಾಲುಸೇತುವೆಗಳು ಹಳ್ಳಿಗಳನ್ನು ಬೆಸೆದಿವೆ. ಅಮೆರಿಕದ ಟೆಕ್ಸಾಸ್‌ನ ಬ್ಲಫ್ ಡೇಲ್ ಎಂಬ ಹಳ್ಳಿಯಲ್ಲಿ 1891ರ ಹಗ್ಗದ ಸೇತುವೆಯನ್ನು 1934ರಲ್ಲಿ ಬಿಚ್ಚಿ, ಅದೇ ಹೊಳೆಯ ಮೇಲುಭಾಗಕ್ಕೆ ಒಯ್ದು ಮತ್ತೆ ನಿಲ್ಲಿಸಿದರು. ಸಿದ್ಧ ಸೇತುವೆಗೇ ಜಾಗ ಬದಲಿಸಬಹುದಾದರೆ, ಕಾಗದದ ಮೇಲಿದ್ದದ್ದಕ್ಕೆ ಏಕಾಗುತ್ತಿರಲಿಲ್ಲ?

ಆಮೇಲೆ ಆದದ್ದೂ ಅದೇ. ತುಂಗಭದ್ರೆಯ ಕೆಳಹರಿವಿನಲ್ಲಿ ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಬಂತು. ಬಸ್ಸುಗಳು ಓಡುತ್ತಿವೆ, ವಿಠ್ಠಲನ ಸನ್ನಿಧಿಯೂ ಶಾಂತವಾಗಿದೆ. ಆ ಜೀವಗಳು ಹೋಗುವ ಮೊದಲೇ ಇದು ಹೊಳೆಯಬೇಕಿತ್ತು.

ವಿಠ್ಠಲ ದೇಗುಲಕ್ಕೆ ಹೋದವರು ಕಲ್ಲಿನ ರಥ ನೋಡಿ ಹಿಂದಿರುಗಬೇಡಿ. ಹೊಳೆಯತ್ತ ನಾಲ್ಕು ಹೆಜ್ಜೆ ಇಡಿ. ವಿಜಯನಗರದವರು ಸೇತುವೆಗೆಂದು ನೆಟ್ಟ ಒರಟು ಕಲ್ಲುಕಂಬಗಳು ನೀರಿನ ನಡುವೆ ಸಾಲಾಗಿ ನಿಂತಿವೆ. ಮೇಲಿನ ಹಾಸು ಎಂದೋ ಹೋಗಿದೆ. ಕಂಬಗಳು ಮಾತ್ರ ಇನ್ನೂ ಪ್ರವಾಹಕ್ಕೆ ಎದೆಯೊಡ್ಡಿವೆ.